ಬೋಗಿ, ತೆಂಗಿನಕಾಯಿ, ಮೆಣಸಿನಕಾಯಿ

ಟೇಕಲ್ ಸ್ಟೇಷನ್ನಿನಲ್ಲಿ ಒಂದು ಪ್ಯಾಸೆಂಜರ್ ರೈಲು ನಿಂತಿದೆ ಅಂದುಕೊಳ್ಳಿ. ಬೋಗಿಯ ಉದ್ದ ಸುಮಾರು 21 ಮೀಟರ್. ನೀರಿನ ಪರೀಕ್ಷೆಯಲ್ಲಿ ಎಲ್ಲರೂ ಹುಡುಕುವ ಇ. ಕೋಲಿ ಬ್ಯಾಕ್ಟೀರಿಯಾ ಆ ಬೋಗಿಯಷ್ಟು ಬೆಳೆದರೆ, ಅದರೊಳಗೆ ಹೊಕ್ಕು ಮರಿ ಹಾಕುವ ಎಂಎಸ್2 ವೈರಸ್ಸು ಪ್ಲಾಟ್‌ಫಾರಂ ಮೇಲಿನ ಒಂದು ಸುಲಿಯದ ತೆಂಗಿನಕಾಯಿ. ಕ್ಲೋರಿನ್ನಿಗೆ ಇ. ಕೋಲಿ ಬೇಗ ಸಾಯುತ್ತದೆ, ಹಲವು ವೈರಸ್ಸುಗಳು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಹಳಿಯ ಮೇಲೆ ಬೋಗಿ ಇಲ್ಲ ಎಂದವರು ತೆಂಗಿನಕಾಯಿ ಹುಡುಕಿದ್ದಾರೆ ಎಂದೇನೂ ಅಲ್ಲ.

ಹಾಗಾದರೆ ಹುಡುಕುವುದು ಯಾವುದನ್ನು? ಕಾಯಿಲೆ ತರುವ ವೈರಸ್ಸುಗಳು ಒಂದೆರಡಲ್ಲ. ಅವು ಎಲ್ಲ ಕಾಲದಲ್ಲೂ ಇರುವುದಿಲ್ಲ. ಆದರೆ ಸದಾ ಇರುವ ಒಂದು ಸಾಕ್ಷಿ ಸಿಕ್ಕಿದೆ, ಅದೂ ನಮ್ಮ ಊಟದೆಲೆಯಿಂದಲೇ. ಮೆಣಸಿನಗಿಡಕ್ಕೆ, ಕ್ಯಾಪ್ಸಿಕಂ ಗಿಡಕ್ಕೆ ರೋಗ ತರುವ ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್. ಕಾಯಿಯಲ್ಲೂ ಉಂಟು, ಸಾಸಿನಲ್ಲೂ ಉಂಟು. ಹೊಟ್ಟೆಯಲ್ಲಿ ಜೀರ್ಣವಾಗದೆ ಹಾಗೇ ಹೊರಬರುತ್ತದೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಒಂದು ಗ್ರಾಂ ಒಣ ಮಲದಲ್ಲಿ 100 ಕೋಟಿವರೆಗೆ! ಒಂದೊಂದರ ಉದ್ದ ಮಿಲಿಮೀಟರಿನ ಮೂರು ಸಾವಿರದಲ್ಲೊಂದು ಪಾಲು, ಆದರೂ ಒಂದರ ಹಿಂದೊಂದು ಜೋಡಿಸಿದರೆ 300 ಮೀಟರ್ ದಾಟುತ್ತದೆ. ಮಲದಿಂದ ಬಂದ ಆ ವೈರಸ್ಸನ್ನು ಮತ್ತೆ ಮೆಣಸಿನ ಸಸಿಗೆ ತಗುಲಿಸಿದರೆ ಸಸಿಗೆ ರೋಗವೂ ಬಂತು.

ಕೋಲಾರದ ಮಟ್ಟಿಗೆ ಇದು ಪುಸ್ತಕದ ಮಾತಲ್ಲ. ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿಲ್ಲ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ, ಎರಡು ಹಂತ ಶುದ್ಧಿಯಾಗಿ ಲಕ್ಷ್ಮೀಸಾಗರ ಕೆರೆಗೆ ಬಂತು. ಉದ್ದೇಶ ಕುಡಿಯುವುದಲ್ಲ, ಅಂತರ್ಜಲ ತುಂಬುವುದು. ಯೋಜನೆಯ ಅಳತೆ ದಿನಕ್ಕೆ 44 ಕೋಟಿ ಲೀಟರ್, ಅಂದರೆ ಸೆಕೆಂಡಿಗೆ 5,000 ಲೀಟರಿಗೂ ಮೇಲೆ. 15 ಲೀಟರಿನ ಬಿಂದಿಗೆಯಲ್ಲಿ ಅಳೆದರೆ, ಒಂದು ಸೆಕೆಂಡಿಗೆ ಸುಮಾರು 340 ಬಿಂದಿಗೆ. ನಾವು ಕಳಿಸಿದ ಮೆಣಸಿನಕಾಯಿ ಬೆಂಗಳೂರಿನ ಹೊಟ್ಟೆ ಸುತ್ತಿ ನಮ್ಮ ಕೆರೆಗೇ ವಾಪಸ್!

ಈಗ ಒಂದು ಬಾಯಿಲೆಕ್ಕ. ಆ ನೀರಿನ ಪರೀಕ್ಷಾ ವರದಿ ಅಲ್ಲ. ಕಚ್ಚಾ ಕೊಳಚೆಯ ಒಂದು ಮಿಲಿಲೀಟರಿನಲ್ಲಿ ಮೆಣಸಿನ ವೈರಸ್ಸು 10 ಲಕ್ಷ ಇದ್ದು, ಶುದ್ಧೀಕರಣ ಶೇಕಡಾ 99.9ರಷ್ಟು ತೆಗೆಯಿತು ಎನ್ನಿ. ಭೇಷ್ ಅನ್ನಿಸುವ ಅಂಕಿ. ಆದರೂ ಒಂದು ಬಿಂದಿಗೆಯಲ್ಲಿ ಒಂದೂವರೆ ಕೋಟಿ ಉಳಿಯುತ್ತದೆ. ಸೆಕೆಂಡಿಗೆ 500 ಕೋಟಿ.

ಗಾಬರಿ ಬೇಡ. ಇದು ಮನುಷ್ಯನ ಮೈಯಲ್ಲಿ ಬೆಳೆಯುವ ವೈರಸ್ಸಲ್ಲ, ಬರೀ ದಾರಿಹೋಕ. ಮೇಲಾಗಿ ಇದನ್ನು ಎಣಿಸುವ ಪಿಸಿಆರ್ ಪರೀಕ್ಷೆ ಹೆಣವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನೀರಿನಲ್ಲಿ ಜೀವ ಇರುವ ವೈರಸ್ಸು ಇದೆಯೇ ತಿಳಿಯಲು ಆ ತೆಂಗಿನಕಾಯಿಯನ್ನು, ಅಂದರೆ ಎಂಎಸ್2 ಅನ್ನು, ಕರೆಯಬಹುದು. ಇ. ಕೋಲಿಯ ಜೊತೆ ಕೆರೆಯ ನೀರು ಬೆರೆಸಿ ತಟ್ಟೆಗೆ ಸುರಿದು, ಬ್ಯಾಕ್ಟೀರಿಯಾ ಕೆನೆಯಂತೆ ಬೆಳೆಯಲು ರಾತ್ರಿಯಿಡೀ ಬೆಚ್ಚಗಿಡುತ್ತಾರೆ. ಬದುಕಿರುವ ಎಂಎಸ್2 ಒಂದು ಬ್ಯಾಕ್ಟೀರಿಯಾಕ್ಕೆ ಹೊಕ್ಕು, ಸಾವಿರಾರಾಗಿ ಒಡೆದು ಬಂದು, ಪಕ್ಕದವುಗಳ ಮೇಲೆ ಬೀಳುತ್ತದೆ. ಬೆಳಗ್ಗೆ ಹೊತ್ತಿಗೆ ಕೆನೆಯಲ್ಲಿ ದುಂಡಗೆ ತೂತು. ಒಂದು ತೂತಿಗೆ ಮೂಲ ಒಂದು ವೈರಸ್ಸು. ಬರಿಗಣ್ಣಿಗೆ ಕಾಣುತ್ತದೆ, ಬೆರಳಿಟ್ಟು ಎಣಿಸಬಹುದು.