ಮೆಮೊರಿ ಮುಗಿದಾಗ ಬಲಿ ಯಾರು?

ಮೊಬೈಲಿನಲ್ಲಿ ಯಾವುದೋ ಅರ್ಜಿ ತುಂಬುತ್ತಿರುತ್ತೀರಿ. ಆಧಾರ್ ಕಾರ್ಡಿನ ಫೋಟೊ ತೆಗೆಯಲೆಂದು ಕ್ಯಾಮೆರಾಕ್ಕೆ ಹೋಗಿ ವಾಪಸ್ ಬರುವಷ್ಟರಲ್ಲಿ ಪುಟ ಮೊದಲಿನಿಂದ ಲೋಡ್ ಆಗುತ್ತದೆ, ತುಂಬಿದ್ದೆಲ್ಲ ಮಾಯ. ನಾವು ನೆಟ್‌ವರ್ಕನ್ನು ಬಯ್ಯುತ್ತೇವೆ. ಎಷ್ಟೋ ಸಲ ಅದರದೇನೂ ತಪ್ಪಿರುವುದಿಲ್ಲ. ಕ್ಯಾಮೆರಾಕ್ಕೆ ಮೆಮೊರಿ ಸಾಲದೆ ಫೋನೇ ಬ್ರೌಸರಿನ ಕತೆ ಮುಗಿಸಿರುತ್ತದೆ.

ಆಂಡ್ರಾಯ್ಡ್‌ನ ತಳದಲ್ಲಿರುವುದು ಲಿನಕ್ಸ್. ಕೇಳಿದವರಿಗೆ ಇಲ್ಲ ಎನ್ನುವ ಜಾಯಮಾನ ಅದರದ್ದಲ್ಲ. ಪ್ರೋಗ್ರಾಂ ಒಂದು ಜಿಬಿ ಕೇಳಿದರೆ ಲಿನಕ್ಸಿನ ತಿರುಳಾದ ಕರ್ನಲ್ ‘ಆಗಲಿ’ ಎಂದು ವಿಳಾಸ ಬರೆದುಕೊಡುತ್ತದೆ. ರ‍್ಯಾಮ್‌ನಲ್ಲಿ ಜಾಗ ಮಾತ್ರ ಕೊಟ್ಟಿರುವುದಿಲ್ಲ. ಆ ವಿಳಾಸದಲ್ಲಿ ಮೊದಲ ಸಲ ಏನನ್ನಾದರೂ ಬರೆಯಹೋದಾಗಷ್ಟೇ ನಿಜವಾದ ಜಾಗ ಸಿಗುವುದು, ಅದೂ ಸಾಮಾನ್ಯವಾಗಿ 4 ಕೆಬಿಯ ಒಂದೊಂದೇ ಪುಟವಾಗಿ. ಕೇಳಿದ್ದನ್ನೆಲ್ಲ ಬಳಸುವ ಪ್ರೋಗ್ರಾಂಗಳು ಕಡಿಮೆ. ಹಾಗಾಗಿ ಇರುವುದಕ್ಕಿಂತ ಹೆಚ್ಚು ಮಾತು ಕೊಟ್ಟರೂ ನಡೆದುಹೋಗುತ್ತದೆ. ಇದಕ್ಕೆ ಓವರ್‌ಕಮಿಟ್ ಎನ್ನುತ್ತಾರೆ. ವಿಂಡೋಸ್ ಈ ವಿಷಯದಲ್ಲಿ ಜುಗ್ಗ: ರ‍್ಯಾಮ್, ಪೇಜ್‌ಫೈಲ್ (ಡಿಸ್ಕಿನಲ್ಲಿ ಮೆಮೊರಿಗೆಂದು ಕಾದಿರಿಸಿದ ಫೈಲು) ಎರಡೂ ಸೇರಿ ಎಷ್ಟಿದೆಯೋ ಅಷ್ಟಕ್ಕೇ ಮಾತು, ಮೀರಿದರೆ ಮುಖಕ್ಕೇ ಇಲ್ಲ ಎನ್ನುತ್ತದೆ.

ಎಲ್ಲರೂ ಒಮ್ಮೆಲೇ ಕೊಟ್ಟ ಮಾತು ನಡೆಸು ಎಂದು ನಿಂತರೆ? ಕರ್ನಲ್ ಮೊದಲು ಡಿಸ್ಕಿನಿಂದ ಓದಿಟ್ಟುಕೊಂಡಿದ್ದ ಫೈಲುಗಳ ನಕಲನ್ನು ಬಿಸಾಡುತ್ತದೆ. ಬಹಳ ಹೊತ್ತು ಯಾರೂ ಮುಟ್ಟದ ಪುಟಗಳನ್ನು ಸ್ವಾಪ್‌ಗೆ (ಸಾಮಾನ್ಯವಾಗಿ ಡಿಸ್ಕಿನಲ್ಲಿ ಇದಕ್ಕೆಂದೇ ಇಟ್ಟ ಜಾಗ) ಸಾಗಿಸುತ್ತದೆ. ಕಂಪ್ಯೂಟರ್ ಹ್ಯಾಂಗ್ ಆದಂತೆ ಕಾಣುವುದು ಹೆಚ್ಚಾಗಿ ಈ ಒದ್ದಾಟದಲ್ಲೇ. ಇಷ್ಟಾಗಿಯೂ ಜಾಗ ಹುಟ್ಟದಿದ್ದರೆ, ಯಾವುದಾದರೊಂದು ಪ್ರೋಗ್ರಾಂ ಕೊಂದು ಜಾಗ ಬಿಡಿಸಲು ಬರುತ್ತಾನೆ ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್.

ಅವನು ಯಾರನ್ನು ಕೊಲ್ಲಬೇಕು ಎಂಬುದೇ ಹಳೆಯ ಜಗಳ. ಕರ್ನಲ್ ಡೆವಲಪರ್ ರಿಕ್ ವಾನ್ ರೀಲ್ 1998ರಲ್ಲಿ ಬರೆಯಲು ತೊಡಗಿದ ಕೋಡ್, ಬಹಳ ಹೊತ್ತಿನಿಂದ ದುಡಿಯುತ್ತಿದ್ದ ಪ್ರೋಗ್ರಾಂಗಳಿಗೆ, ರೂಟ್ (ಯಂತ್ರದ ಮೇಲ್ವಿಚಾರಕ) ಒಡೆತನದವಕ್ಕೆ ಕರುಣೆ ತೋರುತ್ತಿತ್ತು. 2010ರಲ್ಲಿ ಇನ್ನೊಬ್ಬ ಡೆವಲಪರ್ ಡೇವಿಡ್ ರಿಯೆಂಟ್ಜೆಸ್ ಅದನ್ನು ಬಹುಮಟ್ಟಿಗೆ ಸರಳಗೊಳಿಸಿದರು: ಯಾರು ಹೆಚ್ಚು ಜಾಗ ಹಿಡಿದಿದ್ದಾರೋ ಅವರ ತಲೆ ಮೊದಲು. ಲೆಕ್ಕವೇನೋ ಚೊಕ್ಕ. ಆದರೆ ಡೇಟಾಬೇಸಿಗೆಂದೇ ಇಟ್ಟ ಸರ್ವರಿನಲ್ಲಿ ಅತಿ ಹೆಚ್ಚು ಜಾಗ ಹಿಡಿಯುವುದು ಡೇಟಾಬೇಸೇ ಅಲ್ಲವೇ? ಯಾವುದಕ್ಕಾಗಿ ಯಂತ್ರ ಇಟ್ಟಿದ್ದೇವೋ ಅದೇ ಸಾಯುತ್ತದೆ. ಅದಕ್ಕೇ ಪ್ರತಿ ಪ್ರೋಗ್ರಾಂಗೂ ಮೈನಸ್ 1000ದಿಂದ 1000ದವರೆಗೆ ಒಂದು ಅಂಕ ಕೊಡಲು ಬಿಟ್ಟಿದ್ದಾರೆ. ಮೈನಸ್ 1000 ಇದ್ದವನ ತಂಟೆಗೆ ಕಿಲ್ಲರ್ ಹೋಗುವುದಿಲ್ಲ. ದೂರದಿಂದ ಲಾಗಿನ್ ಆಗಲು ಬಾಗಿಲು ಕಾಯುವ ಎಸ್‌ಎಸ್‌ಎಚ್‌ಡಿ ಈ ಅಂಕವನ್ನು ತನಗೆ ತಾನೇ ಹಾಕಿಕೊಳ್ಳುತ್ತದೆ. ಜಾಣತನವೇ ಅನ್ನಿ, ಅದೇ ಸತ್ತರೆ ಸರ್ವರ್ ರಿಪೇರಿಗೆ ಒಳಗೆ ಹೋಗುವುದು ಹೇಗೆ?

ಈ ಇಡೀ ಕಸರತ್ತನ್ನು 2004ರಲ್ಲಿ ಕರ್ನಲ್ ಡೆವಲಪರ್ ಆಂಡ್ರೀಸ್ ಬ್ರೌವರ್ ಚೆನ್ನಾಗಿ ಗೇಲಿ ಮಾಡಿದ್ದರು. ವಿಮಾನ ಕಂಪನಿಯೊಂದು ಖರ್ಚು ಉಳಿಸಲು ಇಂಧನ ಕಡಿಮೆ ತುಂಬಿಸುತ್ತದೆ. ಅಪರೂಪಕ್ಕೆ ಸಾಲದೆ ಬಂದರೆ ಪ್ರಯಾಣಿಕರೊಬ್ಬರನ್ನು ಆಚೆ ತಳ್ಳುತ್ತದೆ. ಆಮೇಲೆ ಎಂಜಿನಿಯರುಗಳೆಲ್ಲ ಕೂತು ಚರ್ಚಿಸುವುದು ತಳ್ಳಬೇಕಾದ್ದು ಯಾರನ್ನು ಎಂಬುದನ್ನು ಮಾತ್ರ! ಗೇಲಿ ಸರಿಯೇ. ಆದರೂ ನನ್ನ ಓಟು ಓವರ್‌ಕಮಿಟ್‌ಗೇ. ಅದಿಲ್ಲದೆ ಹೋದರೆ ಯಾರೂ ಬಳಸದ ಮೆಮೊರಿಯನ್ನು ಕಾದಿರಿಸಿ ಕೂರಬೇಕಾಗುತ್ತದೆ.

ಆಂಡ್ರಾಯ್ಡ್ ಕೊನೆಯ ಗಳಿಗೆವರೆಗೆ ಕಾಯುವುದಿಲ್ಲ. ಕಣ್ಣೆದುರಿನ ಆ್ಯಪ್ ಯಾವುದು, ಹಿಂದೆ ಹಾಡು ನುಡಿಸುತ್ತಿರುವುದು ಯಾವುದು, ಸುಮ್ಮನೆ ಬಿದ್ದಿರುವುದು ಯಾವುದು ಎಂದು ದರ್ಜೆ ಕಟ್ಟಿ, ಒತ್ತಡ ಏರುತ್ತಿದ್ದಂತೆ ಕೆಳಗಿನಿಂದ ಮುಗಿಸುತ್ತ ಬರುತ್ತದೆ. ಬಳಸುವವನಿಗೆ ಸದ್ಯ ಏನು ಬೇಕೆಂದು ಫೋನಿಗೆ ಗೊತ್ತು. ಆ ಅನುಕೂಲ ಸರ್ವರಿಗಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಈ ಕಿಲ್ಲರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು 137 ಎಂಬ ಅಂಕಿಯಾಗಿ. ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಡಬ್ಬಿಯಂತಿರುವ ಕಂಟೇನರಿಗೆ ಇಷ್ಟೇ ಮೆಮೊರಿ ಎಂದು ಮಿತಿ ಹಾಕಿರುತ್ತಾರೆ. ದಾಟಿದರೆ ಯಂತ್ರದಲ್ಲಿ ಬೇಕಾದಷ್ಟು ಜಾಗವಿದ್ದರೂ ಒಳಗಿನ ಪ್ರೋಗ್ರಾಂಗೆ 9ನೇ ಸಿಗ್ನಲ್ (ತಕ್ಷಣ ಸಾಯಿಸುವ ಆದೇಶ) ಬೀಳುತ್ತದೆ. ಸಿಗ್ನಲ್‌ನಿಂದ ಸತ್ತದ್ದನ್ನು 128ಕ್ಕೆ ಅದರ ಸಂಖ್ಯೆ ಕೂಡಿಸಿ ತಿಳಿಸುವುದು ವಾಡಿಕೆ: 128ಕ್ಕೆ 9 ಕೂಡಿಸಿದರೆ 137. ಮಿತಿಯನ್ನು ಎರಡು ಪಟ್ಟು ಮಾಡಿ ಮನೆಗೆ ಹೋಗುವುದು ರೂಢಿ. ಮೆಮೊರಿ ಸೋರಿಕೆಯೇ ಇದ್ದಲ್ಲಿ ಅದೇ 137 ಇನ್ನೊಂದಿಷ್ಟು ತಡವಾಗಿ ಬರುತ್ತದೆ, ಅಷ್ಟೆ.