ಪೀಪಾಯಿ ಕಲಿಸಿದ ಗರಿಷ್ಠದ ಗುಟ್ಟು

1613ರ ಶರತ್ಕಾಲ. ಎರಡನೇ ಮದುವೆಯಾದ ಯೊಹಾನೆಸ್ ಕೆಪ್ಲರ್ ಆಸ್ಟ್ರಿಯಾದ ಲಿಂಜ್ ಪಟ್ಟಣದಲ್ಲಿ ಹೊಸ ಸಂಸಾರ ಹೂಡಿದ್ದ. ಆ ವರ್ಷ ದ್ರಾಕ್ಷಿ ಹುಲುಸಾಗಿ ಬೆಳೆದಿತ್ತು. ಡಾನ್ಯೂಬ್ ನದಿಯ ದಡದಲ್ಲಿ ವೈನ್ ಪೀಪಾಯಿಗಳು ರಾಶಿ ಬಿದ್ದಿದ್ದವು, ಬೆಲೆಯೂ ಇಳಿದಿತ್ತು. ಮನೆಬಳಕೆಗೆಂದು ಕೆಪ್ಲರ್ ಕೆಲವು ಪೀಪಾಯಿ ತರಿಸಿ ನೆಲಮಾಳಿಗೆಗೆ ಇಳಿಸಿದ. ಕೆಲವು ದಿನ ಬಿಟ್ಟು ವ್ಯಾಪಾರಿ ಅಳತೆ ಕೋಲು ಹಿಡಿದು ಬಂದ. ಮಲಗಿಸಿದ ಪೀಪಾಯಿಯ ನಡುವಿನ ತೂತಿನಿಂದ ಕೋಲನ್ನು ಓರೆಯಾಗಿ ಇಳಿಬಿಟ್ಟ. ಪಕ್ಕದ ಮುಚ್ಚಳದ ಕೆಳತುದಿಗೆ ಕೋಲು ತಾಗಿತು. ಎಷ್ಟು ಉದ್ದ ಒಳಗೆ ಹೋಯಿತೆಂದು ನೋಡಿ, ಇಷ್ಟು ವೈನ್ ಇದೆ, ಇಷ್ಟು ಬೆಲೆ ಎಂದ. ಪೀಪಾಯಿ ಗಿಡ್ಡವೋ ಉದ್ದವೋ, ಸಪೂರವೋ ದಪ್ಪವೋ ಎಂಬುದನ್ನು ಅವನು ನೋಡಲೇ ಇಲ್ಲ.

ಮಂಗಳ ಗ್ರಹದ ಹಾದಿ ದೀರ್ಘವೃತ್ತವೆಂದು 1609ರಲ್ಲಿ ಲೋಕಕ್ಕೆ ತೋರಿಸಿಕೊಟ್ಟಿದ್ದ ಮನುಷ್ಯನಿಗೆ ಇದು ಸುಮ್ಮನೆ ಬಿಡುವ ಸಂಗತಿಯಾಗಿರಲಿಲ್ಲ. ಬಹಳ ಉದ್ದವಾಗಿ ಸಪೂರವಾಗಿರುವ ಪೀಪಾಯಿಯಲ್ಲೂ ಕೋಲು ಅಷ್ಟೇ ಒಳಗೆ ಹೋಗಬಹುದು, ಆದರೆ ವೈನ್ ತೀರಾ ಕಡಿಮೆ ಇರುತ್ತದೆ. ಹಾಗಿದ್ದೂ ಆಸ್ಟ್ರಿಯಾದಲ್ಲಿ ಈ ಕೋಲನ್ನು ಎಲ್ಲರೂ ನಂಬುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ಕೆಪ್ಲರ್ ಒಂದು ಪುಸ್ತಕವನ್ನೇ ಬರೆದ. ವೈನ್ ಪೀಪಾಯಿಗಳ ಘನಫಲವನ್ನು ಕುರಿತ ಆ ಲ್ಯಾಟಿನ್ ಗ್ರಂಥ 1615ರಲ್ಲಿ ಲಿಂಜ್‌ನಲ್ಲೇ ಅಚ್ಚಾಯಿತು.

ಲೆಕ್ಕವನ್ನು ನಾವೂ ಮಾಡಿ ನೋಡಬಹುದು. ಪೀಪಾಯಿಯ ಉಬ್ಬನ್ನು ಬಿಟ್ಟು ಅದನ್ನು ಬರಿಯ ಸಿಲಿಂಡರ್ ಎಂದುಕೊಳ್ಳೋಣ. ಕೋಲು 20 ಅಂಗುಲ ಒಳಗೆ ಹೋಯಿತು ಎನ್ನೋಣ. ಪೀಪಾಯಿಯ ಅರ್ಧ ಉದ್ದ, ಅದರ ವ್ಯಾಸ ಮತ್ತು ಈ ಕೋಲು ಸೇರಿ ಒಂದು ಲಂಬಕೋನ ತ್ರಿಭುಜ. ಆದ್ದರಿಂದ ಅರ್ಧ ಉದ್ದ ಗೊತ್ತಾದರೆ ವ್ಯಾಸ ಗೊತ್ತಾಗುತ್ತದೆ. ವ್ಯಾಸದ ವರ್ಗವನ್ನು ಅರ್ಧ ಉದ್ದದಿಂದ ಗುಣಿಸಿದರೆ ಹಿಡಿಸುವ ವೈನಿನ ಪ್ರಮಾಣಕ್ಕೆ ತಕ್ಕ ಒಂದು ಸಂಖ್ಯೆ ಸಿಗುತ್ತದೆ. ಅರ್ಧ ಉದ್ದ 5 ಅಂಗುಲವಿದ್ದಾಗ ಆ ಸಂಖ್ಯೆ 1875. 6 ಆದಾಗ 2184. ಒಂದೇ ಅಂಗುಲಕ್ಕೆ 309 ಏರಿತು. ಮುಂದೆ 10ಕ್ಕೆ 3000, 11ಕ್ಕೆ 3069, 12ಕ್ಕೆ 3072, 13ಕ್ಕೆ 3003. ಹನ್ನೊಂದರಿಂದ ಹನ್ನೆರಡಕ್ಕೆ ಹೋದಾಗ ಏರಿಕೆ ಬರೀ 3! ನಿಜವಾದ ಗರಿಷ್ಠ 11.5ರ ಸ್ವಲ್ಪ ಆಚೆ ಇದೆ, ಅಲ್ಲಿ ಆ ಸಂಖ್ಯೆ ಸುಮಾರು 3079.

ಆಸ್ಟ್ರಿಯಾದ ಪೀಪಾಯಿ ಕಟ್ಟುವ ಬಡಗಿಗಳ ಬಳಿ ಒಂದು ರೂಢಿಯ ಲೆಕ್ಕವಿತ್ತು. ಹಲಗೆಯ ಉದ್ದದಲ್ಲಿ ಮೂರನೇ ಒಂದು ಪಾಲು ಮುಚ್ಚಳದ ತ್ರಿಜ್ಯ. ಈ ಲೆಕ್ಕದಂತೆ ಕಟ್ಟಿದ ಪೀಪಾಯಿಗೆ 20 ಅಂಗುಲದ ಕೋಲು ಇಳಿದರೆ ಅರ್ಧ ಉದ್ದ ಸರಿಯಾಗಿ 12, ವ್ಯಾಸ 16. ಹಿಡಿಸುವುದು 3072. ಸಾಧ್ಯವಿರುವ ಗರಿಷ್ಠಕ್ಕಿಂತ ಶೇ 0.25ರಷ್ಟೂ ಕಡಿಮೆಯಿಲ್ಲ. ಬಡಗಿಯ ಕೈ ಕೊಂಚ ತಪ್ಪಿ ಪೀಪಾಯಿ ಉದ್ದವಾದರೂ ಗಿಡ್ಡವಾದರೂ ಕೋಲಿನ ಲೆಕ್ಕ ಕೆಡುತ್ತಿರಲಿಲ್ಲ. ಗರಿಷ್ಠದ ಎರಡೂ ಪಕ್ಕದಲ್ಲಿ ಬದಲಾವಣೆ ಗಮನಕ್ಕೇ ಬಾರದಷ್ಟು ಸಣ್ಣದು ಎಂದು ಕೆಪ್ಲರ್ ಬರೆದಿಟ್ಟ. ಗರಿಷ್ಠ, ಕನಿಷ್ಠಗಳ ಗಣಿತವೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ.

ಒಂದೊಂದು ಬೀಗಕ್ಕೆ ಒಂದೊಂದು ಕೀಲಿ

ಗರಿಷ್ಠವನ್ನು ಹುಡುಕುವ ಪ್ರಶ್ನೆ ಮಾತ್ರ ಕೆಪ್ಲರ್‌ಗಿಂತ ಬಹಳ ಹಳೆಯದು. ಒಂದು ಎತ್ತಿನ ಚರ್ಮ ಎಷ್ಟು ನೆಲವನ್ನು ಬಳಸುತ್ತದೋ ಅಷ್ಟು ನಿನ್ನದು ಎಂದಾಗ ರಾಣಿ ಡೈಡೊ ಚರ್ಮವನ್ನು ಎಳೆಎಳೆಯಾಗಿ ಸೀಳಿ, ನೆಲವನ್ನು ಸುತ್ತುವರಿದು ಕಾರ್ಥೇಜ್ ನಗರ ಕಟ್ಟಿದಳೆಂಬ ಐತಿಹ್ಯವಿದೆ. ಕೊಟ್ಟ ಸುತ್ತಳತೆಯಲ್ಲಿ ಅತಿ ಹೆಚ್ಚು ಜಾಗ ಹಿಡಿಯುವ ಆಕೃತಿ ವೃತ್ತ ಎಂಬುದನ್ನು ಗ್ರೀಕ್ ಗಣಿತಜ್ಞ ಜೆನೊಡೋರಸ್ ಚರ್ಚಿಸಿದ್ದ. ಒಂದು ಗೆರೆಯನ್ನು ಎರಡು ಭಾಗ ಮಾಡಿ ಆಯತ ಕಟ್ಟಿದರೆ, ಸರಿಯಾಗಿ ಅರ್ಧಕ್ಕೆ ಕಡಿದಾಗಲೇ ಕ್ಷೇತ್ರಫಲ ಗರಿಷ್ಠ ಎಂಬುದು ಯೂಕ್ಲಿಡ್‌ನ ಆರನೇ ಪುಸ್ತಕದಲ್ಲಿ ಅಡಗಿದೆ. ಅಲೆಕ್ಸಾಂಡ್ರಿಯಾದ ಹೆರಾನ್, ಕನ್ನಡಿಗೆ ಬಡಿದು ಮರಳುವ ಬೆಳಕು ಅತಿ ಹತ್ತಿರದ ದಾರಿ ಹಿಡಿಯುತ್ತದೆಂದು ತೋರಿಸಿದ. ಎಲ್ಲವೂ ಸೊಗಸಾದ ಸಾಧನೆಗಳೇ. ಆದರೆ ಒಂದು ಸಮಸ್ಯೆಯ ಉಪಾಯ ಇನ್ನೊಂದಕ್ಕೆ ಒದಗುತ್ತಿರಲಿಲ್ಲ. ಪ್ರತಿ ಸಲವೂ ಹೊಸದಾಗಿ ತಲೆ ಓಡಿಸಬೇಕಿತ್ತು.

ಗರಿಷ್ಠದ ಬಳಿ ಬದಲಾವಣೆ ನಿಲ್ಲುತ್ತದೆಂಬ ಗುಟ್ಟು ನಮ್ಮ ನೆಲದಲ್ಲಿ ಆಕಾಶದ ಲೆಕ್ಕದಲ್ಲಿ ಹೊಳೆಯಿತು. ಭಾಸ್ಕರಾಚಾರ್ಯ 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ ಬರೆದ. ಸಹ್ಯಾದ್ರಿಯ ಆಸರೆಯಲ್ಲಿದ್ದ ವಿಜ್ಜಡವಿಡ ತನ್ನ ಊರೆಂದು ಅವನು ಹೇಳಿಕೊಂಡಿದ್ದಾನೆ. ಅದು ಇಂದಿನ ವಿಜಯಪುರವೆಂದು ಕೆಲವರು, ಮಹಾರಾಷ್ಟ್ರದ ಕಡೆಯ ಊರೆಂದು ಇನ್ನು ಕೆಲವರು ವಾದಿಸುತ್ತಾರೆ. ಗ್ರಹ ಸರಾಸರಿ ವೇಗದಲ್ಲಿ ಚಲಿಸಿದ್ದರೆ ಎಲ್ಲಿರಬೇಕಿತ್ತು, ನಿಜವಾಗಿ ಎಲ್ಲಿದೆ ಎಂಬುದರ ವ್ಯತ್ಯಾಸಕ್ಕೆ ಜ್ಯೋತಿಷಿಗಳು ಮಂದಫಲ ಎನ್ನುತ್ತಿದ್ದರು. ಈ ಮಂದಫಲ ಗರಿಷ್ಠವಾದ ಕಡೆ ಅದರ ಏರಿಳಿತ ಸೊನ್ನೆಯಾಗುತ್ತದೆ, ಆದ್ದರಿಂದ ಅಲ್ಲಿ ಗ್ರಹದ ನಿಜವಾದ ಗತಿಯೂ ಸರಾಸರಿ ಗತಿಯೂ ಒಂದೇ ಎಂದು ಭಾಸ್ಕರ ಕಂಡುಕೊಂಡ. ಕ್ಷಣಕ್ಷಣದ ವೇಗವನ್ನು ಅವನು ‘ತಾತ್ಕಾಲಿಕ ಗತಿ’ ಎಂದು ಕರೆದ. ಕೆಪ್ಲರ್ ಪೀಪಾಯಿಯಲ್ಲಿ ಕಂಡದ್ದನ್ನು ಅವನಿಗಿಂತ ನಾಲ್ಕೂವರೆ ಶತಮಾನ ಮೊದಲೇ ಭಾಸ್ಕರ ಗ್ರಹಗಳಲ್ಲಿ ಕಂಡಿದ್ದ. ಎಲ್ಲ ಬಗೆಯ ಸಮಸ್ಯೆಗೂ ಅದನ್ನು ಹೂಡುವ ವಿಧಾನ ಮಾತ್ರ ಇನ್ನೂ ಹುಟ್ಟಬೇಕಿತ್ತು.

ಫರ್ಮಾನ ‘ಇ’

ಆ ವಿಧಾನ ಕೊಟ್ಟವನು ವೃತ್ತಿಯಿಂದ ಗಣಿತಜ್ಞನಲ್ಲ. ಪಿಯರ್ ದ ಫರ್ಮಾ ಫ್ರಾನ್ಸಿನ ಟುಲೂಸ್‌ನಲ್ಲಿ ನ್ಯಾಯಾಲಯದ ಅಧಿಕಾರಿ. 1620ರ ದಶಕದ ಕೊನೆಯ ಹೊತ್ತಿಗೆ ಗರಿಷ್ಠ, ಕನಿಷ್ಠಗಳನ್ನು ಹುಡುಕುವ ಒಂದು ದಾರಿ ಅವನಿಗೆ ಸಿಕ್ಕಿತ್ತು. ಪುಸ್ತಕ ಮಾಡುವ ಆಸೆ ಅವನಿಗಿರಲಿಲ್ಲ, ಬರಹ ಪ್ಯಾರಿಸ್‌ನ ವಿದ್ವಾಂಸರ ನಡುವೆ ಹಸ್ತಪ್ರತಿಯಾಗಿ ಓಡಾಡಿತು.

ಫರ್ಮಾ ಯೂಕ್ಲಿಡ್‌ನ ಹಳೆಯ ಪ್ರಶ್ನೆಯನ್ನೇ ಎತ್ತಿಕೊಂಡ. 20 ಮೀಟರ್ ಗೆರೆಯನ್ನು ಎರಡು ತುಂಡು ಮಾಡಿ, ತುಂಡುಗಳ ಗುಣಲಬ್ಧ ಗರಿಷ್ಠವಾಗಬೇಕು ಎನ್ನೋಣ. ಒಂದು ತುಂಡು ‘ಎ’ ಆದರೆ ಇನ್ನೊಂದು ‘20 ಕಳೆ ಎ’. ಈಗ ‘ಎ’ಗೆ ‘ಇ’ ಎಂಬ ಚೂರನ್ನು ಸೇರಿಸಿ ಮತ್ತೆ ಗುಣಿಸಿ. ಗರಿಷ್ಠದ ಬಳಿ ಬದಲಾವಣೆ ಲೆಕ್ಕಕ್ಕಿಲ್ಲ, ಹಾಗಾಗಿ ಹಳೆಯದೂ ಹೊಸದೂ ಹೆಚ್ಚುಕಡಿಮೆ ಸಮ. ಎರಡನ್ನೂ ಸಮವೆಂದು ಬರೆದು, ಎರಡು ಕಡೆಯೂ ಇರುವ ಪದಗಳನ್ನು ಹೊಡೆದುಹಾಕಿದರೆ, 20 ಇಂಟು ‘ಇ’ ಒಂದು ಕಡೆ, 2 ಇಂಟು ‘ಎ’ ಇಂಟು ‘ಇ’ ಜೊತೆಗೆ ‘ಇ’ಯ ವರ್ಗ ಇನ್ನೊಂದು ಕಡೆ ಉಳಿಯುತ್ತದೆ. ಎಲ್ಲವನ್ನೂ ‘ಇ’ಯಿಂದ ಭಾಗಿಸಿ. ಆಮೇಲೂ ಉಳಿದ ‘ಇ’ಯನ್ನು ಕೈಬಿಡಿ. 20 ಎಂದರೆ ಎರಡು ‘ಎ’, ಅಂದರೆ ‘ಎ’ 10. ಚಿತ್ರ ಬರೆಯಬೇಕಿಲ್ಲ, ಹೊಸ ಉಪಾಯ ಹುಡುಕಬೇಕಿಲ್ಲ. ಬೇರೆ ಸಮಸ್ಯೆ ಕೊಟ್ಟರೂ ಇದೇ ಹೆಜ್ಜೆಗಳು.

1638ರಲ್ಲಿ ತತ್ವಜ್ಞಾನಿ ಡೆಕಾರ್ಟ್ ಈ ವಿಧಾನದ ಮೇಲೆ ಹರಿಹಾಯ್ದ. ಭಾಗಿಸುವಾಗ ‘ಇ’ ಸೊನ್ನೆಯಲ್ಲ, ಮರುಗಳಿಗೆಯಲ್ಲಿ ಸೊನ್ನೆ ಎಂಬ ತೊಡಕಿಗೆ ಫರ್ಮಾನ ಬಳಿ ತೃಪ್ತಿಕರ ಉತ್ತರವಿರಲಿಲ್ಲ. ಆದರೂ ವಿಧಾನ ಕೈಕೊಡಲಿಲ್ಲ. 1662ರಲ್ಲಿ ಫರ್ಮಾ ಅದನ್ನು ಬೆಳಕಿನ ಮೇಲೆ ಪ್ರಯೋಗಿಸಿದ. ಗಾಳಿಯಿಂದ ನೀರಿಗೆ ಇಳಿಯುವ ಬೆಳಕು ಅತಿ ಕಡಿಮೆ ಹೊತ್ತು ಹಿಡಿಯುವ ದಾರಿ ಆರಿಸುತ್ತದೆಂದು ಇಟ್ಟುಕೊಂಡು ಲೆಕ್ಕ ಮಾಡಿದಾಗ, ಬೆಳಕು ಬಾಗುವ ನಿಯಮ ಹಾಗೆಯೇ ಹೊರಬಿತ್ತು. ಉತ್ತರ ಡೆಕಾರ್ಟ್ ಹೇಳಿದ್ದ ನಿಯಮದೊಂದಿಗೇ ತಾಳೆಯಾದದ್ದು ಕಂಡು ಫರ್ಮಾನೇ ಬೆರಗಾದ.

1684ರ ಅಕ್ಟೋಬರ್‌ನಲ್ಲಿ ಲೈಪ್‌ಜಿಗ್‌ನ ವಿದ್ವತ್ ಪತ್ರಿಕೆಯೊಂದರಲ್ಲಿ ಲೈಬ್ನಿಜ್‌ನ ಆರು ಪುಟದ ಲೇಖನ ಬಂತು. ಕಲನಶಾಸ್ತ್ರದ ಬಗ್ಗೆ ಅಚ್ಚಾದ ಮೊದಲ ಬರಹ ಅದು. ಅದರ ತಲೆಬರಹ ಶುರುವಾಗುವುದೇ ಗರಿಷ್ಠ, ಕನಿಷ್ಠಗಳಿಗೆ ಹೊಸ ವಿಧಾನ ಎಂದು. ಫರ್ಮಾನನ್ನು ದಣಿಸಿದ್ದ ಬೆಳಕಿನ ಲೆಕ್ಕವನ್ನು ಲೈಬ್ನಿಜ್ ಕೆಲವೇ ಸಾಲುಗಳಲ್ಲಿ ಮುಗಿಸಿ ತೋರಿಸಿದ. ಅವಕಲನ, ಅಂದರೆ ಬದಲಾವಣೆಯ ದರ, ಸೊನ್ನೆಯಾದ ಕಡೆ ಹುಡುಕು ಎಂಬ ಇಂದಿನ ನಿಯಮ ಆಗ ರೂಪ ತಳೆಯಿತು.

ಸಂಖ್ಯೆಯಿಂದ ವಕ್ರರೇಖೆಗೆ

ಆಮೇಲೆ ಪ್ರಶ್ನೆಗಳೇ ದೊಡ್ಡವಾದವು. ಎತ್ತರದ ಬಿಂದುವಿನಿಂದ ಓರೆಯಲ್ಲಿರುವ ತಗ್ಗಿನ ಬಿಂದುವಿಗೆ ಮಣಿಯೊಂದು ಅತಿ ಬೇಗ ಜಾರಿ ಬರಲು ಹಾದಿ ಯಾವ ಆಕಾರದಲ್ಲಿರಬೇಕು ಎಂದು 1696ರಲ್ಲಿ ಯೊಹಾನ್ ಬರ್ನೌಲಿ ಸವಾಲು ಹಾಕಿದ. ಇಲ್ಲಿ ಬೇಕಾದದ್ದು ಒಂದು ಸಂಖ್ಯೆಯಲ್ಲ, ಇಡೀ ವಕ್ರರೇಖೆ. ನ್ಯೂಟನ್, ಲೈಬ್ನಿಜ್, ಬರ್ನೌಲಿ ಸಹೋದರರು ಬಿಡಿಸಿದರು. ಉತ್ತರ ನೇರ ಗೆರೆಯಲ್ಲ, ಉರುಳುವ ಚಕ್ರದ ಅಂಚಿನ ಬಿಂದು ಬರೆಯುವ ಸೈಕ್ಲಾಯ್ಡ್. 1744ರಲ್ಲಿ ಆಯ್ಲರ್ ಇಂಥ ಪ್ರಶ್ನೆಗಳಿಗೆಂದೇ ಒಂದು ಗ್ರಂಥ ಬರೆದ. 1755ರಲ್ಲಿ ಹತ್ತೊಂಬತ್ತರ ಹುಡುಗ ಲಗ್ರಾಂಜ್ ಇನ್ನೂ ಸುಲಭದ ದಾರಿಯನ್ನು ಪತ್ರದಲ್ಲಿ ಬರೆದು ಆಯ್ಲರ್‌ಗೆ ಕಳಿಸಿದ. ಫರ್ಮಾನ ‘ಇ’ಯ ತೊಡಕು ಕರಗಿದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಕೋಶಿ ಮತ್ತು ವೈರ್‌ಸ್ಟ್ರಾಸ್ ಸೀಮಾಮೌಲ್ಯದ (ಲಿಮಿಟ್) ಕಲ್ಪನೆಯನ್ನು ಗಟ್ಟಿ ಮಾಡಿದ ಮೇಲೆ. ಅದೇ ಕೋಶಿ 1847ರಲ್ಲಿ, ಸೂತ್ರದಿಂದ ಬಿಡಿಸಲಾಗದ ಕಡೆ ಅತಿ ಕಡಿದಾದ ಇಳಿಜಾರಿನಲ್ಲಿ ಹೆಜ್ಜೆಹೆಜ್ಜೆಯಾಗಿ ಕನಿಷ್ಠಕ್ಕೆ ಇಳಿಯುವ ಕ್ರಮ ಸೂಚಿಸಿದ. ಇಂದು ಕೃತಕ ಬುದ್ಧಿಮತ್ತೆಯ ಯಂತ್ರಗಳು ತಮ್ಮ ತಪ್ಪನ್ನು ಕಡಿಮೆ ಮಾಡಿಕೊಳ್ಳುತ್ತಾ ಕಲಿಯುವುದು ಅದೇ ಕ್ರಮದ ಮೊಮ್ಮಕ್ಕಳಿಂದ.

ಇಷ್ಟು ಉದ್ದದ ಕಥೆ ಪಿಯುಸಿ ತರಗತಿಯಲ್ಲಿ ಒಂದೇ ಸಾಲಾಗಿ ಮಕ್ಕಳ ಮುಂದೆ ಬರುತ್ತದೆ: ಅವಕಲನವನ್ನು ಸೊನ್ನೆಗೆ ಸಮ ಮಾಡಿ. ಸೊನ್ನೆಯೇ ಏಕೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಆ ಪುರುಸೊತ್ತು ಕೊಡಲೇಬೇಕು, ಅದಕ್ಕೆ ಒಂದು ಪೀರಿಯಡ್ ಸಾಕು. 30 ಸೆಂಟಿಮೀಟರ್ ಚೌಕದ ರಟ್ಟಿನ ನಾಲ್ಕು ಮೂಲೆ ಕತ್ತರಿಸಿ, ಬದಿಗಳನ್ನು ಮಡಚಿ ಡಬ್ಬಿ ಮಾಡುವ ಲೆಕ್ಕ ಬಹಳ ಪಠ್ಯಪುಸ್ತಕಗಳಲ್ಲಿದೆ. ಸೂತ್ರ ಹೇಳುವ ಮೊದಲು ಮಕ್ಕಳಿಂದ ಪಟ್ಟಿ ಬರೆಸಿ. 1 ಸೆಂಟಿಮೀಟರ್ ಕತ್ತರಿಸಿದರೆ 784 ಘನ ಸೆಂಟಿಮೀಟರ್, 2ಕ್ಕೆ 1352, 4ಕ್ಕೆ 1936, 5ಕ್ಕೆ 2000, 6ಕ್ಕೆ 1944. ಏರಿಕೆ ಸಣ್ಣದಾಗುತ್ತಾ ಬಂದು, ನಿಂತು, ಇಳಿಕೆಯಾಗುವುದನ್ನು ಅವರೇ ನೋಡಲಿ. ಏರಿಕೆ ಮುಗಿದು ಇಳಿಕೆ ಶುರುವಾಗದ ಜಾಗವೇ ಆ ಸೊನ್ನೆ ಎಂದು ಒಮ್ಮೆ ಕಂಡ ಮಗು ನಿಯಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಮರೆತರೂ ತಾನೇ ಮತ್ತೆ ಕಂಡುಕೊಳ್ಳುತ್ತದೆ.