ಮಂಡ್ಯದ ದಿವಾನರ ಹೀಬ್ರೂ ಹೆಸರು

ನಮ್ಮ ಮದ್ದೂರು ಸೀಮೆಯ ಹಿರಿಯರು ಹಳೇ ಕಾಲದ ಮಾತು ತೆಗೆದರೆ ‘ಮಿರ್ಜಾ ಸಾಯೇಬ್ರು ದಿವಾನ್ರಾಗಿದ್ದಾಗ’ ಅಂತಲೇ ಶುರು ಮಾಡುತ್ತಿದ್ದರು. ಮಿರ್ಜಾ ಅನ್ನುವುದು ಪರ್ಷಿಯಾ ಕಡೆಯ ಬಿರುದು, ಹೆಸರು ಇಸ್ಮಾಯಿಲ್. ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದಾಗ, ಈ ಹೆಸರು ಯಾವ ಭಾಷೆಯದು ಎಂದು ಮಕ್ಕಳನ್ನು ಕೇಳುತ್ತಿದ್ದೆ. ಉರ್ದು, ಅರಬ್ಬಿ ಎನ್ನುತ್ತಿದ್ದರು. ಯಹೂದಿಗಳ ಹೀಬ್ರೂ ಎಂದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಬೈಬಲಿನ ಆದಿಕಾಂಡದಲ್ಲಿ ಇದರ ಹುಟ್ಟಿದೆ. ಅಬ್ರಹಾಮನಿಂದ ಬಸುರಾದ ದಾಸಿ ಹಾಗರಳು ಒಡತಿ ಸಾರಳ ಕಾಟ ತಾಳದೆ ಅಡವಿಗೆ ಓಡುತ್ತಾಳೆ. ಒರತೆಯ ಹತ್ತಿರ ಎದುರಾದ ದೇವದೂತ, ನಿನ್ನ ಗೋಳು ದೇವರಿಗೆ ಕೇಳಿಸಿದೆ, ಹುಟ್ಟುವ ಮಗನಿಗೆ ‘ದೇವರು ಆಲಿಸುತ್ತಾನೆ’ ಎಂಬ ಅರ್ಥದ ಹೆಸರಿಡು ಎನ್ನುತ್ತಾನೆ. ಆ ಮಗುವೇ ಇಷ್ಮಾಯೇಲ. ಇಸ್ಲಾಮಿನಲ್ಲಿ ಆತ ಪ್ರವಾದಿ. ತಂದೆ ಇಬ್ರಾಹಿಮರ ಜೊತೆ ಕಾಬಾ ಕಟ್ಟಿದವನು. ಬಕ್ರೀದಿನ ಬಲಿದಾನದ ಕತೆಯಲ್ಲಿ ಬರುವ ಮಗನೂ ಈತನೇ ಎಂಬುದು ಮುಸ್ಲಿಮರ ವಾಡಿಕೆಯ ನಂಬಿಕೆ.

ಹೆಸರು ದೊಡ್ಡದಾದರೆ ಹೊತ್ತವರೆಲ್ಲ ದೊಡ್ಡವರಾಗುವುದಿಲ್ಲ. ಬೈಬಲಿನಲ್ಲೇ ಇನ್ನೊಬ್ಬ ಇಷ್ಮಾಯೇಲ, ಬಾಬಿಲೋನಿನವರು ನೇಮಿಸಿದ್ದ ಅಧಿಪತಿ ಗೆದಲ್ಯನನ್ನು ಕೊಂದ. ಆ ಸಾವಿಗಾಗಿ ಯಹೂದಿಗಳು ಇಂದಿಗೂ ಉಪವಾಸ ಇರುತ್ತಾರೆ. ಮುಂದೆ ಅದೇ ಹೆಸರಿನ ರಬ್ಬಿಯೊಬ್ಬರು ಧರ್ಮಗ್ರಂಥ ವಿವರಿಸಲು 13 ಸೂತ್ರ ಹಾಕಿಕೊಟ್ಟರು. 1501ರಲ್ಲಿ ಇರಾನಿನ ಸಫವಿ ಸಿಂಹಾಸನ ಏರಿದವನು ಷಾ ಇಸ್ಮಾಯಿಲ್. 1510ರಲ್ಲಿ ನಮ್ಮ ಬಿಜಾಪುರದ ಗದ್ದುಗೆಗೆ ಬಂದವನು ಇಸ್ಮಾಯಿಲ್ ಆದಿಲ್ ಷಾ. 1520ರ ರಾಯಚೂರು ಕಾಳಗದಲ್ಲಿ ಕೃಷ್ಣದೇವರಾಯನಿಗೆ ಸೋತವನು. ಅವನ ಅಪ್ಪ ಯೂಸುಫ್, ಮಗ ಇಬ್ರಾಹಿಂ. ಮೂರು ತಲೆಮಾರಿನ ಹೆಸರೂ ಬೈಬಲಿನವೇ. ನನ್ನ ಹಾಜರಿ ಪುಸ್ತಕದಲ್ಲಿ ಯೂಸುಫ್, ಜೋಸೆಫ್ ಇಬ್ಬರೂ ಇರುತ್ತಿದ್ದರು. ಒಂದೇ ಹೆಸರು ಎಂದರೆ ಅವರಿಬ್ಬರೂ ನಗುತ್ತಿದ್ದರು.

ಮಂಡ್ಯದವರಿಗೆ ಬೇಕಾದ ಇಸ್ಮಾಯಿಲ್ 1883ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಅಜ್ಜ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ ಬಂದ ಕುದುರೆ ವ್ಯಾಪಾರಿ. ಮೊಮ್ಮಗ ನಾಲ್ವಡಿಯವರ ಸಹಪಾಠಿ. 1926ರಿಂದ 1941ರವರೆಗೆ ಮೈಸೂರಿನ ದಿವಾನ. ಅವರ ಕಾಲದಲ್ಲೇ ಇರ್ವಿನ್ ನಾಲೆಯ, ಅಂದರೆ ಇಂದಿನ ವಿ.ಸಿ. ನಾಲೆಯ, ನೀರು ನಮ್ಮ ಗದ್ದೆಗಳಿಗೆ ಹರಿಯಿತು. ನೀರು ಬಂದ ಮೇಲೆ ಕಬ್ಬು ಬಂತು. ಅಷ್ಟು ಕಬ್ಬನ್ನು ಆಲೆಮನೆಗಳೇ ಅರೆಯಲಾರವು. ಕೃಷಿ ಇಲಾಖೆಯ ನಿರ್ದೇಶಕ ಲೆಸ್ಲಿ ಕೋಲ್ಮನ್ ಒತ್ತಾಸೆಯಾಗಿ ನಿಂತರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ನಮ್ಮೆಲ್ಲರ ಬಾಯಲ್ಲಿ ಮೈಷುಗರ್, ಹುಟ್ಟಿತು. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಏಳು ತಾಲ್ಲೂಕುಗಳಿಂದ ಮಂಡ್ಯ ಜಿಲ್ಲೆಯಾಯಿತು. ಮಾರನೇ ವರ್ಷ ಮಳವಳ್ಳಿ ತಾಲ್ಲೂಕಿನ ಶಿಂಷಾದಲ್ಲಿ ವಿದ್ಯುತ್ ಕೇಂದ್ರ ಶುರುವಾಯಿತು.

ಈ ಪಟ್ಟಿ ಇಲ್ಲಿಗೇ ನಿಲ್ಲಿಸಿದರೆ ಮದ್ದೂರಿನವನಾದ ನಾನು ಅರ್ಧ ಪಾಠ ಹೇಳಿದಂತೆ. 1938ರ ಏಪ್ರಿಲ್‌ನಲ್ಲಿ, ಇದೇ ದಿವಾನರ ಸರ್ಕಾರದ ನಿಷೇಧ ಮೀರಿ, ನಮ್ಮ ಶಿವಪುರದಲ್ಲಿ ಕಾಂಗ್ರೆಸ್ಸಿನವರು ಧ್ವಜ ಸತ್ಯಾಗ್ರಹ ಮಾಡಿದರು; ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರ ಬಂಧನವಾಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಆಮೇಲೆ ಸರ್ದಾರ್ ಪಟೇಲರು ಬಂದು ಮಾತಾಡಿ, ಮೈಸೂರು ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟ ಹಾರಿಸಲು ಒಪ್ಪಂದವಾಯಿತು.

ನಮ್ಮಜ್ಜ ಕಬ್ಬು ಸಾಗಿಸಿದ್ದು ಮಂಡ್ಯದ ಕಾರ್ಖಾನೆಗೆ. ಬಾವುಟ ನೋಡಲು ಹೋದದ್ದು ಶಿವಪುರಕ್ಕೆ. ಹಾಗಾದರೆ ಮಿರ್ಜಾ ಒಳ್ಳೆಯವರೋ ಕೆಟ್ಟವರೋ ಎಂದು ಹುಡುಗನಾಗಿದ್ದಾಗ ಕೇಳಿದ್ದಕ್ಕೆ ಅವರು ಅಂದದ್ದು: ‘ಒಳ್ಳೇದ್ ಮಾಡುದ್ರೆ ಒಳ್ಳೇದು ಅನ್ಬೇಕು, ಅಡ್ಡ ಬಂದ್ರೆ ಅಡ್ಡ ಬಂದ್ರು ಅನ್ಬೇಕು ಕನ್ಲಾ ಮಗ. ಹೆಸ್ರು ಹಿಡ್ಕಂಡ್ ಜಗಳ ಆಡ್ಬಾರ್ದು.’